ಇಪ್ಪತ್ತು ಎಣಿಕೆಯ ಮೌನ

ಆ ಜರ್ಮನ್ ಮುದುಕನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಆಮೇಲೆ ಯಾರೂ ನನ್ನನ್ನು ದೊಡ್ಡ ಮನಸ್ಸಿನವನು ಎಂದುಕೊಂಡು ಮೋಸಹೋಗುವುದು ಬೇಡ. ಎಂಬತ್ತು ದಾಟಿದ ಮನುಷ್ಯನನ್ನು ಏಕವಚನದಲ್ಲಿ ಕರೆಯುವುದು ನಾನು ಬೆಳೆದ ಮನೆಯ ರೀತಿಯಲ್ಲ. ನಮ್ಮ ಓಣಿಯಲ್ಲಿ ಕುಡಿದು ಗಟಾರದಲ್ಲಿ ಬಿದ್ದ ಮುದುಕನನ್ನೂ "ಏಳ್ರೀ ಚಾಚಾ" ಎಂದೇ ಎಬ್ಬಿಸುತ್ತಿದ್ದೆವು. ಆದರೂ ಇವನಿಗೆ ನನ್ನ ಬಾಯಲ್ಲಿ "ಅವರು" ಬರುವುದಿಲ್ಲ. ಪ್ರಯತ್ನ ಮಾಡಿ ನೋಡಿದ್ದೇನೆ, ಗಂಟಲಲ್ಲೇ ನಿಂತುಬಿಡುತ್ತದೆ.

ನಾನು ಪರದೇಶದ ಒನೆಹುಂಗಾ ಎಂಬ ಊರಿನಲ್ಲಿ ಫ್ರಿಜ್ಜು, ಮನೆ ಬೆಚ್ಚಗಿಡುವ ಹೀಟ್ ಪಂಪು ರಿಪೇರಿ ಮಾಡುವವನು. ಡಿಪ್ಲೊಮಾ ಓದಲೆಂದು ಬಂದು ಇಲ್ಲೇ ಉಳಿದೆ, ಹುಬ್ಬಳ್ಳಿಯ ಹುಡುಗಿಯನ್ನು ಮದುವೆಯಾಗಿ ಕರೆತಂದೆ, ಸಾಮಾನು ಹೇರಲು ಯೂಟ್ ಎಂಬ ಹಿಂದೆ ತೆರೆದ ಗಾಡಿ ಕೊಂಡೆ. ಅಬ್ಬಾಗೆ ರಾಣೆಬೆನ್ನೂರಿನಲ್ಲಿ ಮದುವೆ ಬ್ಯಾಂಡ್ ಸೆಟ್ ಇತ್ತು. ಕೆಂಪು ಕೋಟು, ಭುಜದ ಮೇಲೆ ಜರಿ ಗೊಂಡೆ, ಮುಂದೆ ಕ್ಲಾರಿಯೋನೆಟ್ ಹಿಡಿದ ಅಬ್ಬಾ, ಹಿಂದೆ ನಾವು ಹದಿನಾಲ್ಕು ಜನ. ಮದುಮಗ ಯಾವ ಜಾತಿಯವನಾದರೂ ಬೀದಿಯಲ್ಲಿ ಮೆರೆಸುವವರು ನಾವೇ. ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದ ಒಬ್ಬ ಅಜ್ಜ ನನಗೆ ಕಾಗದ ನೋಡಿ ಊದುವುದನ್ನು ಕಲಿಸಿದ್ದರು. ಉಳಿದದ್ದೆಲ್ಲ ಅಬ್ಬಾ ಕಲಿಸಿದ್ದು.

ಅಬ್ಬಾನ ಕಾನೂನು ಒಂದೇ. ಮದುಮಗನ ಮನೆ ಬಿಟ್ಟ ಮೇಲೆ ಮಂಟಪದ ಬಾಗಿಲು ಮುಟ್ಟುವವರೆಗೆ ಬ್ಯಾಂಡು ನಿಲ್ಲಬಾರದು. ಯಾರಿಗಾದರೂ ಹಾಡು ಮರೆತರೆ, ಉಸಿರು ಹಿಡಿದರೆ, ಡ್ರಮ್ಮಿನವನು ಗುಂಡಿಯಲ್ಲಿ ಕಾಲಿಟ್ಟು ಬಿದ್ದರೆ, ಹಿಂದಿನ ಸಾಲನ್ನೇ ಇನ್ನೊಮ್ಮೆ ತಿರುವಿ ಊದಬೇಕು. ಯಾರು ಬೇಕಾದರೂ ಶುರು ಮಾಡಬಹುದು, ಉಳಿದವರು ಅವನ ಹಿಂದೆ ಬರಬೇಕು. "ಬ್ಯಾಂಡು ಬಾಯಿ ಮುಚ್ಚಿದ್ರ ಮಂದಿ ಬಾಯಿ ತೆರೀತಾರ" ಎನ್ನುತ್ತಿದ್ದ. ನಿಜವೇ. ಮೆರವಣಿಗೆಯಲ್ಲಿ ಎರಡು ನಿಮಿಷ ಸದ್ದು ನಿಂತರೆ ಸಾಕು, ಬೀಗರು ಜಗಳಾಡಿದರಂತೆ, ಹುಡುಗಿ ಒಪ್ಪಲಿಲ್ಲವಂತೆ ಎಂದು ಸುದ್ದಿ ಹುಟ್ಟಿ ಮುಂದಿನ ಓಣಿ ಮುಟ್ಟಿರುತ್ತಿತ್ತು.

ಇಲ್ಲಿಗೆ ಬಂದು ಹನ್ನೊಂದು ವರ್ಷ ವಾದ್ಯ ಮುಟ್ಟಿರಲಿಲ್ಲ. ಒಂದು ಹಳೆಯ ಚರ್ಚಿನ ಹಾಲಿಗೆ ಹೀಟ್ ಪಂಪು ಹಾಕಲು ಹೋದಾಗ ಅಲ್ಲೊಂದು ಊರಿನವರ ಆರ್ಕೆಸ್ಟ್ರಾ ತಾಲೀಮು ನಡೆಸುತ್ತಿತ್ತು. ನಿವೃತ್ತ ಮೇಷ್ಟರು, ಹಲ್ಲಿನ ಡಾಕ್ಟರು, ಡೇರಿ ಅಂಗಡಿಯವನು, ಹೀಗೆ ಮೂವತ್ತು ಜನ. ಚೆಲೋ ಎಂಬ ದೊಡ್ಡ ಪಿಟೀಲು ಬಾರಿಸುತ್ತಿದ್ದ ನಿವೃತ್ತ ನರ್ಸ್ ಆಂಟಿಯೊಬ್ಬರು ಆ ಗುಂಪಿನ ಕಾರ್ಯದರ್ಶಿ. ಕ್ಲಾರಿಯೋನೆಟ್ ಊದುವವರು ಯಾರೂ ಇಲ್ಲ ಎಂದು ಅವರು ಹೇಳಿದ್ದೇ ತಡ, ಊರಿಂದ ನನ್ನ ವಾದ್ಯ ತರಿಸಿಕೊಂಡು ಸೇರಿಬಿಟ್ಟೆ. ಕೋಲು ಹಿಡಿದು ಮುಂದೆ ನಿಂತು ಎಲ್ಲರನ್ನೂ ನಡೆಸುತ್ತಿದ್ದ ಕಂಡಕ್ಟರ್ ಆ ಮುದುಕ.

ಮೊದಲ ದಿನವೇ ನನ್ನನ್ನು ಎಬ್ಬಿಸಿ ನಿಲ್ಲಿಸಿ ನಾಲ್ಕು ಸಾಲು ಒಬ್ಬನೇ ಊದು ಎಂದ. ಊದಿದೆ. ಮತ್ತೆ ಎಂದ. ಮತ್ತೆ ಊದಿದೆ. ಹೀಗೆ ಹತ್ತಾರು ಸಲ. ಮೂವತ್ತು ಜನ ತಮ್ಮ ಮೊಣಕಾಲು ನೋಡುತ್ತ ಕೂತಿದ್ದರು.

"ಒಂದು ಸ್ವರದಿಂದ ಇನ್ನೊಂದಕ್ಕೆ ಯಾಕೆ ಜಾರುತ್ತೀಯ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ಅವನ ಮಾತನ್ನೆಲ್ಲ ನಾನು ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. "ಎಲ್ಲಿ ಕಲಿತೆ ಇದನ್ನು?"

ಮದುವೆಗಳಲ್ಲಿ ಎಂದೆ. "ಗೊತ್ತಾಗುತ್ತದೆ," ಎಂದ.

ನನ್ನ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸದೆಯೇ, "ಬಿಟ್ಟು ಬರ್ರಿ ಅತ್ಲಾಗ. ವಾರಕ್ಕೊಮ್ಮೆ ಹೋಗಿ ಬೈಸ್ಕೊಂಡು ಬರೂದೇನೈತಿ? ಬೈಯಾಕ ಮನ್ಯಾಗ ನಾ ಇಲ್ಲೇನು?" ಎಂದಳು. ನಾನು ಬಿಡಲಿಲ್ಲ. ಬಿಟ್ಟರೆ ಅವನು ಗೆದ್ದ ಹಾಗೆ. ಅಲ್ಲದೆ ಹನ್ನೊಂದು ವರ್ಷದ ಮೇಲೆ ಬಾಯಿಗೆ ಆ ಕಟ್ಟಿಗೆಯ ರುಚಿ ಹತ್ತಿತ್ತು, ಅದನ್ನು ಬಿಡಲು ನನ್ನ ಕೈಲಾಗುತ್ತಿರಲಿಲ್ಲ.

ಎರಡನೆಯ ವರ್ಷ ಅಬ್ಬಾ ಮೂರು ತಿಂಗಳ ವೀಸಾದ ಮೇಲೆ ಬಂದ. ಬ್ಯಾಂಡ್ ಸೆಟ್ ಮುಚ್ಚಿತ್ತು, ಡಿಜೆ ಡಬ್ಬಗಳು ಅದನ್ನು ನುಂಗಿದ್ದವು. ಎದೆಯೂ ಸರಿಯಿರಲಿಲ್ಲ. ಆದರೂ ತಾಲೀಮಿಗೆ ಬರುತ್ತೇನೆಂದು ಇಸ್ತ್ರಿ ಕೋಟು ಹಾಕಿಕೊಂಡು, ಟೋಪಿ ಸರಿಮಾಡಿಕೊಂಡು ಹಿಂದಿನ ಬೆಂಚಿನಲ್ಲಿ ಕೂತ. ಚಹಾದ ಹೊತ್ತಿಗೆ ಎದ್ದು ಬಂದು ಮುದುಕನಿಗೆ ಆದಾಬ್ ಮಾಡಿದ. ದೊಡ್ಡ ಉಸ್ತಾದರ ಎದುರು ನಾಲ್ಕು ಸಾಲು ಊದಿ ಮರ್ಯಾದೆ ಸಲ್ಲಿಸುವುದು ಅವನ ಪದ್ಧತಿ. ನನ್ನ ಕೈಯಿಂದ ಕ್ಲಾರಿಯೋನೆಟ್ ಇಸಿದುಕೊಂಡು, ಕಣ್ಣು ಮುಚ್ಚಿ, ಮದುಮಗಳನ್ನು ಕಳಿಸಿಕೊಡುವಾಗ ಊದುವ ಧಾಟಿಯನ್ನು ಊದಿದ. ಎದೆ ಕೆಟ್ಟಿದ್ದರೂ ಉಸಿರು ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ನನಗೇ ತಿಳಿಯಲಿಲ್ಲ. ನರ್ಸ್ ಆಂಟಿಯ ಕಣ್ಣು ಒದ್ದೆಯಾಗಿದ್ದವು.

ಮುದುಕ ಬಿಸ್ಕತ್ತು ಕಡಿಯುತ್ತ ಕೇಳಿ, ನನ್ನ ಕಡೆ ತಿರುಗಿ, "ಓಹೋ, ರೋಗ ಬಂದದ್ದು ಇಲ್ಲಿಂದಲೋ?" ಎಂದು ಹೋಗಿಬಿಟ್ಟ.

"ಏನಂದ್ರು ತಮ್ಮಾ ಸಾಹೇಬ್ರು?" ಎಂದು ಅಬ್ಬಾ ಕೇಳಿದ.

"ಭಾಳ ಚಲೋ ಊದತೀರಿ ಅಂದ್ರು ಅಬ್ಬಾ."

"ಕೇಳೂ ರೀತಿ ನೋಡಿದ್ರ ಗೊತ್ತಾಗತೈತಿ. ತಿಳುವಳಿಕಿ ಇದ್ದ ಮನಶಾ," ಎಂದ ಅಬ್ಬಾ. ಊರಿಗೆ ಹೋದ ಮೇಲೆ ಮಸೀದಿಯ ಮುಂದೆ, ಕಟಿಂಗ್ ಅಂಗಡಿಯಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಜರ್ಮನ್ ಉಸ್ತಾದನೊಬ್ಬ ತನ್ನನ್ನು ಹೊಗಳಿದ ಕತೆ ಹೇಳಿದನಂತೆ. ಮುಂದಿನ ಚಳಿಗಾಲದಲ್ಲಿ ತೀರಿಕೊಂಡ. ಅಂದಿನಿಂದ ಆ ಮುದುಕನ ಮೇಲಿನ ನನ್ನ ಸಿಟ್ಟು ಸಿಟ್ಟಾಗಿ ಉಳಿಯಲಿಲ್ಲ. ಅದು ಬೆಳಿಗ್ಗೆ ಹಲ್ಲುಜ್ಜುವಾಗಲೂ ಜೊತೆಗಿರುತ್ತಿತ್ತು.

ಮೂರನೆಯ ವರ್ಷ ಅವನು ತನ್ನದೇ ಕೃತಿಯನ್ನು ನಾವು ಬಾರಿಸುತ್ತೇವೆ ಎಂದು ಸಾರಿದ. ಅವನು ಸಂಗೀತ ಬರೆದವನು ಎಂಬುದೇ ಅಲ್ಲಿಯವರೆಗೆ ನಮಗೆ ಗೊತ್ತಿರಲಿಲ್ಲ. ಅದೇ ವಾರ ಅವನ ಮನೆಯ ಫ್ರೀಜರ್ ಕೆಟ್ಟಿತು. ನನಗೇ ಫೋನ್ ಮಾಡಿದ. ಪರಿಚಯದವನೆಂದಲ್ಲ, ರಿಪೇರಿಯವನೆಂದು. ಹಿಲ್ಸ್‌ಬರೋದ ಆ ಮನೆಯಲ್ಲಿ ನಾನು ಫ್ರೀಜರಿನ ಹಿಂದೆ ಮಂಡಿಯೂರಿ ಕೂತಿದ್ದೆ. ಎದ್ದುಹೋಗಲಾರದ ಎರಡು ಕಿವಿ ಸಿಕ್ಕಿದ್ದರಿಂದ ಅವನು ಕುರ್ಚಿ ಎಳೆದುಕೊಂಡು ತನ್ನ ಜೀವಮಾನದ ಕತೆ ಬಿಚ್ಚಿದ.

ಅವನ ಅಪ್ಪ ಒಂದು ಸಣ್ಣ ಜರ್ಮನ್ ಊರಿನ ಚರ್ಚಿನಲ್ಲಿ ಆರ್ಗನ್ ಬಾರಿಸುತ್ತಿದ್ದ. ಇವನು ದೊಡ್ಡ ಊರಿಗೆ ಹೋಗಿ ಸಂಗೀತ ಓದಿದ. ಒಂದು ನಾಟಕಶಾಲೆಯಲ್ಲಿ ಹಾಡುಗಾರರಿಗೆ ಪಿಯಾನೋ ಹಿಡಿದು ಪಾಠ ಹೇಳುವ ಕೆಲಸ ಸಿಕ್ಕಿತು. ಆಮೇಲೆ ಅಲ್ಲೇ ಎರಡನೆಯ ಕಂಡಕ್ಟರ್ ಆದ. ಮೊದಲನೆಯವನಿಗೆ ಜ್ವರ ಬಂದ ದಿನ ಮಾತ್ರ ಇವನ ಕೈಗೆ ಕೋಲು. ಮೂವತ್ತು ತುಂಬುವ ಹೊತ್ತಿಗೆ ಈ ಕೃತಿ ಬರೆದ. ಅರ್ಧ ದಾರಿಯಲ್ಲಿ ಕ್ಲಾರಿಯೋನೆಟ್ ಒಂದೇ ಎಂಟು ಸಾಲು ಊದಿ ನಿಲ್ಲಿಸುತ್ತದೆ. ಆಮೇಲೆ ಕಂಡಕ್ಟರನ ಕೈ ಮೇಲೆತ್ತಿದಂತೆಯೇ ಇರುತ್ತದೆ. ಇಪ್ಪತ್ತು ಎಣಿಸುವವರೆಗೆ ಯಾರೂ ಏನೂ ಬಾರಿಸುವುದಿಲ್ಲ. ಆಮೇಲೆ ಚೆಲೋಗಳು ಮೆಲ್ಲಗೆ ಶುರುಮಾಡುತ್ತವೆ.

"ಆ ಇಪ್ಪತ್ತು ಎಣಿಕೆಗಾಗಿಯೇ ಉಳಿದದ್ದನ್ನೆಲ್ಲ ಬರೆದೆ," ಎಂದ. "ಅಲ್ಲಿ ಜನಕ್ಕೆ ತಮ್ಮ ಉಸಿರು ಕೇಳಿಸಬೇಕು."

ಮೊದಲ ಪ್ರದರ್ಶನದ ದಿನ ಮುಖ್ಯ ಕಂಡಕ್ಟರನೇ ಕೋಲು ಹಿಡಿದ. ಆ ಮೌನ ಬಂತು. ಐದೋ ಆರೋ ಎಣಿಸುವಷ್ಟರಲ್ಲಿ, ಮುಗಿಯಿತೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು. ಮುಖ್ಯಸ್ಥ ಒಂದು ಕ್ಷಣ ನೋಡಿ, ತಿರುಗಿ ನಿಂತು, ಬಾಗಿ ವಂದಿಸಿಬಿಟ್ಟ. ಮಧ್ಯಂತರದ ಗಂಟೆ ಹೊಡೆಯಿತು, ಎಲ್ಲರೂ ಬಿಯರ್ ಕುಡಿಯಲು ಎದ್ದರು. ಇವನು ಪರದೆಯ ಹಿಂದೆ ಓಡಿಹೋಗಿ, ಇನ್ನೂ ಅರ್ಧ ಉಳಿದಿದೆ ಎಂದು ಗೋಗರೆದರೆ, "ಜನಕ್ಕೆ ಹಿಡಿಸಿದೆ, ಬಿಡಪ್ಪ," ಎಂದನಂತೆ ಮುಖ್ಯಸ್ಥ. ಮರುದಿನ ಪತ್ರಿಕೆಯಲ್ಲಿ ಚಿಕ್ಕ, ಅಚ್ಚುಕಟ್ಟಾದ ಕೃತಿ ಎಂದು ಹೊಗಳಿ ಬರೆದಿದ್ದರಂತೆ.

ಆಮೇಲೆ ಅದನ್ನು ಯಾರೂ ಬಾರಿಸಲಿಲ್ಲ, ಇವನೂ ಮತ್ತೇನೂ ಬರೆಯಲಿಲ್ಲ. ಮಕ್ಕಳ ಕ್ರಿಸ್‌ಮಸ್ ಆಟಗಳಿಗೆ, ಗೊಂಬೆಯಾಟಕ್ಕೆ, ಹಗುರ ಹಾಸ್ಯದ ಹಾಡುನಾಟಕಗಳಿಗೆ ಕೋಲಾಡಿಸಿದ. ಅಲ್ಲಿಗೆ ಬಂದಿದ್ದ ಈ ದೇಶದ ಹಾಡುಗಾರ್ತಿಯೊಬ್ಬಳನ್ನು ಮದುವೆಯಾಗಿ ಇಲ್ಲಿಗೆ ಬಂದ, ಶಾಲೆಗಳಲ್ಲಿ ಪಾಠ ಹೇಳಿದ. ಹೆಂಡತಿ ಬಿಟ್ಟುಹೋದಳು. ಮಗಳು ವೆಲ್ಲಿಂಗ್ಟನ್‌ನಲ್ಲಿದ್ದಳು. ಆ ಮೌನವನ್ನೂ ಅದರಾಚೆಯ ಅರ್ಧವನ್ನೂ ಅವನು ಜನರ ಮುಂದೆ ಒಂದು ಸಲವೂ ಕೇಳಿರಲಿಲ್ಲ. ಐವತ್ತು ವರ್ಷ. ಸಾಯುವ ಮೊದಲು ಒಂದು ಸಲ ಕೇಳಬೇಕು, ಅಷ್ಟೇ ಎಂದ.

ಅಯ್ಯೋ ಪಾಪ ಅನಿಸಿತು, ಸುಳ್ಳೇಕೆ ಹೇಳಲಿ. ಅವನು ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ನಾನು ಬಹುಶಃ ಎಲ್ಲ ಮರೆತುಬಿಡುತ್ತಿದ್ದೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ನಾನು ಎದ್ದು ಕೈ ಒರೆಸಿಕೊಳ್ಳುವಾಗ ನನ್ನ ಮುಖ ನೋಡಿ, "ಏನು ಮಾಡಲಿ, ಆ ಎಂಟು ಸಾಲು ಕಡೆಗೂ ಮದುವೆ ಬ್ಯಾಂಡಿನವನ ಪಾಲಿಗೆ ಬಂತು," ಎಂದ. ನಾನು ನನ್ನ ಸಾಮಾನು ಯೂಟಿಗೆ ಹಾಕಿಕೊಂಡು ಬಂದೆ.

ತಾಲೀಮು ನಾಲ್ಕು ತಿಂಗಳು ನಡೆಯಿತು. ಅಷ್ಟರಲ್ಲಿ ಎಲ್ಲರಿಗೂ ಇನ್ನೊಂದು ವಿಷಯ ತಿಳಿಯತೊಡಗಿತು. ಅವನು ಮರೆಯುತ್ತಿದ್ದ. ಒಂದು ಸಲ ಹಾಳೆ ತಿರುವಿದವನು ಎಲ್ಲಿದ್ದೇವೆಂದು ಗೊತ್ತಾಗದೆ ಸುಮ್ಮನೆ ನಿಂತ, ಅದನ್ನು ಮುಚ್ಚಿಕೊಳ್ಳಲು ಪಿಟೀಲಿನವರ ಮೇಲೆ ಹರಿಹಾಯ್ದ. ಇನ್ನೊಂದು ಸಲ ನರ್ಸ್ ಆಂಟಿಯ ಹೆಸರೇ ಬಾಯಿಗೆ ಬರಲಿಲ್ಲ. ಮಗಳು ವೆಲ್ಲಿಂಗ್ಟನ್‌ಗೆ ಬಾ ಎಂದು ಒತ್ತಾಯಿಸುತ್ತಿದ್ದಳು, ಅಲ್ಲಿ ಮುದುಕರನ್ನು ನೋಡಿಕೊಳ್ಳುವ ಮನೆಯೊಂದನ್ನು ಗೊತ್ತುಮಾಡಿದ್ದಳು. ಒಂದು ದಿನ ಅವನು ನಮ್ಮೆಲ್ಲರ ಎದುರು, ಯಾರೂ ಕೇಳದಿದ್ದರೂ, "ನನ್ನ ತಲೆ ನೆಟ್ಟಗಿದೆ. ಅದು ಕೆಟ್ಟ ದಿನ ಕೋಲು ನಾನೇ ಕೆಳಗಿಡುತ್ತೇನೆ. ಅಲ್ಲಿಯವರೆಗೆ ಎಲ್ಲಿಗೂ ಹೋಗುವುದಿಲ್ಲ," ಎಂದ.

ಕೃತಿಯ ಆ ಮೌನದಲ್ಲಿ ಮಾತ್ರ ಅವನು ಒಮ್ಮೆಯೂ ತಪ್ಪಲಿಲ್ಲ. ಪ್ರತಿ ತಾಲೀಮಿನಲ್ಲೂ ಸರಿಯಾಗಿ ಇಪ್ಪತ್ತು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹತ್ತೊಂಬತ್ತೂ ಇಲ್ಲ, ಇಪ್ಪತ್ತೊಂದೂ ಇಲ್ಲ.

ಕಛೇರಿ ಒಂದು ಭಾನುವಾರ ಮಧ್ಯಾಹ್ನ ಅದೇ ಹಾಲಿನಲ್ಲಿ ನಡೆಯಿತು. ಮಧ್ಯದ ಮೌನದಲ್ಲಿ ಚಪ್ಪಾಳೆ ತಟ್ಟಬೇಡಿ ಎಂದು ಕಾರ್ಯಕ್ರಮದ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚುಹಾಕಿಸಿದ್ದ. ಹೀಟ್ ಪಂಪಿನ ಸದ್ದೂ ಇರಬಾರದೆಂದು ಅದನ್ನು ನನ್ನ ಕೈಯಿಂದಲೇ ಆರಿಸಿದ. ಜನ ಕೋಟು ಹಾಕಿಕೊಂಡೇ ಕೂತರು. ನನ್ನ ಹೆಂಡತಿ, ಮಗಳು ಮೂರನೆಯ ಸಾಲಿನಲ್ಲಿ. ಅವನ ಮಗಳು ಮೊದಲ ಸಾಲಿನಲ್ಲಿ.

ನಾನು ನನ್ನ ಎಂಟು ಸಾಲು ಊದಿದೆ. ಅವನು ಹೇಳಿದಂತೆ, ಎಲ್ಲೂ ಜಾರದೆ. ಕೊನೆಯ ಸ್ವರ ನಿಂತಿತು. ಅವನ ಎರಡೂ ಕೈ ಮೇಲಿದ್ದವು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಒಂದು ಕುರ್ಚಿ ಕೂಡ ಕಿರುಗುಟ್ಟಲಿಲ್ಲ. ಹದಿನೈದು, ಹದಿನಾರು, ಎಣಿಸುತ್ತಿದ್ದೆ. ಇಪ್ಪತ್ತಾಯಿತು. ಕೈ ಇಳಿಯಲಿಲ್ಲ. ಇಪ್ಪತ್ತೈದು. ನರ್ಸ್ ಆಂಟಿ ಚೆಲೋ ಮೇಲೆ ಕಮಾನಿಟ್ಟುಕೊಂಡೇ ಕಾದರು. ಅವರು ನನ್ನ ಕಡೆ ನೋಡಿದರು, ಪಿಟೀಲಿನವರು ಒಬ್ಬರನ್ನೊಬ್ಬರು ನೋಡಿದರು. ಮೂವತ್ತು. ಮೂವತ್ತೊಂದಕ್ಕೆ ನಾನು ಕ್ಲಾರಿಯೋನೆಟ್ ಬಾಯಿಗಿಟ್ಟು ಕೊನೆಯ ಸಾಲನ್ನು ಇನ್ನೊಮ್ಮೆ ಊದಿದೆ. ಚೆಲೋಗಳು ನನ್ನ ಉಸಿರು ಹಿಡಿದು ಒಳಬಂದವು. ಕೃತಿ ಮುಂದೆ ನಡೆಯಿತು, ಕೊನೆ ಮುಟ್ಟಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ತಿರುಗಲಿಲ್ಲ. ಮಗಳೇ ಬಂದು ಮೊಣಕೈ ಹಿಡಿದು ಕರೆದುಕೊಂಡು ಹೋದಳು.

ಚಹಾ ಕೊಡುವಾಗ ನರ್ಸ್ ಆಂಟಿ ನನ್ನ ಕೆನ್ನೆ ಮುಟ್ಟಿ, ದೇವರು ನಿನ್ನನ್ನು ಅಲ್ಲಿ ಕೂರಿಸಿದ್ದ ಎಂದರು. ಹಲ್ಲಿನ ಡಾಕ್ಟರು ಬೆನ್ನು ತಟ್ಟಿದರು. ಎಲ್ಲರ ಬಾಯಲ್ಲೂ ಒಂದೇ ಮಾತು, ಪಾಪ, ಮುದುಕನಿಗೆ ಮರೆತುಹೋಯಿತು, ಈ ಇಂಡಿಯನ್ ಕಾಪಾಡಿದ. ಕಾರಿನಲ್ಲಿ ಹೆಂಡತಿ, "ಖರೇನ ಮರ್ತಿದ್ನೇನ್ರೀ ಅಂವ?" ಎಂದು ಕೇಳಿದಳು.

"ಹೂಂ," ಎಂದೆ.

ಮರೆತಿರಲಿಲ್ಲ. ಚೆಲೋದವರಿಗೆ, ಪಿಟೀಲಿನವರಿಗೆ ಅವನ ಪಕ್ಕೆ ಕಾಣುತ್ತಿತ್ತು, ಜನಕ್ಕೆ ಬೆನ್ನು. ಅವನ ಮುಖ ನೆಟ್ಟಗೆ ಕಾಣುತ್ತಿದ್ದದ್ದು ನಡುವೆ ಎದುರಿಗೆ ಕೂತ ನನಗೊಬ್ಬನಿಗೆ. ಮರೆತವನ ಮುಖ ನನಗೆ ಗೊತ್ತು, ತಾಲೀಮಿನಲ್ಲಿ ಎರಡು ಸಲ ನೋಡಿದ್ದೆ. ಇದು ಅದಲ್ಲ. ಅವನು ಕಣ್ಣು ಅರ್ಧ ಮುಚ್ಚಿ ಕೇಳುತ್ತಿದ್ದ. ಇನ್ನೂರು ಜನ ಉಸಿರು ಬಿಗಿಹಿಡಿದು ಕೂತದ್ದನ್ನು ಕೇಳುತ್ತಿದ್ದ. ಇಷ್ಟು ವರ್ಷ ಕಾದದ್ದು ಸಿಕ್ಕಿದೆ, ಇನ್ನು ಸ್ವಲ್ಪ ಹೊತ್ತು ಇರಲಿ, ಕೈ ಇಳಿಸಲು ಮನಸ್ಸಿಲ್ಲ, ಅಷ್ಟೇ. ಅವನ ಮುಖದಲ್ಲಿ ಆ ಸುಖ ಕಂಡು ನನಗೆ ತಡೆಯಲಾಗಲಿಲ್ಲ. ಅಬ್ಬಾನ ಕಾನೂನು ನನ್ನ ಬೆರಳಲ್ಲಿ ಇದ್ದೇ ಇತ್ತು, ಅದು ನನಗೆ ನೆಪ ಕೊಟ್ಟಿತು. ಊದಿದ್ದು ಹೊಟ್ಟೆಕಿಚ್ಚಿಗೆ.

ಬುಧವಾರ ಫೋನ್ ಬಂತು, ಬಾ ಎಂದ. ಬೈಯಲಿಕ್ಕೇ ಕರೆದಿದ್ದಾನೆ, ಈ ಸಲ ನಾನೂ ಬಿಡುವುದಿಲ್ಲ ಎಂದು ಮಾತುಗಳನ್ನು ಜೋಡಿಸಿಕೊಂಡೇ ಹೋದೆ. ಅವನು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಎದುರಿಗೆ ಆ ಕೃತಿಯ ಹಾಳೆಗಳು, ಆ ಮೌನದ ಪುಟ ತೆರೆದಿತ್ತು. ಕೂತುಕೋ ಎಂದ. ಧ್ವನಿಯಲ್ಲಿ ಎಂದಿನ ಗಡಸು ಇರಲಿಲ್ಲ.

"ಇಪ್ಪತ್ತು ದಾಟಿತ್ತೆ?"

"ದಾಟಿತ್ತು. ಮೂವತ್ತೊಂದು."

ಅವನು ತೆರೆದ ಪುಟದ ಮೇಲೆ ಬೆರಳಿಟ್ಟ. "ನಾನು ಕೇಳುತ್ತ ನಿಂತಿದ್ದೆ ಎಂದುಕೊಂಡಿದ್ದೆ," ಎಂದ. "ಬೇಕೆಂದೇ ಹಿಡಿದಿದ್ದೇನೆ ಎಂದುಕೊಂಡಿದ್ದೆ. ಆದರೆ ಎಲ್ಲರೂ ಮರೆತೆ ಎನ್ನುತ್ತಾರೆ. ಮಗಳೂ ಹಾಗೇ ಹೇಳುತ್ತಾಳೆ. ತಲೆ ಕೆಟ್ಟವನಿಗೆ ತಾನು ಬೇಕೆಂದೇ ಮಾಡಿದೆ ಅನಿಸುತ್ತದಂತೆ, ಡಾಕ್ಟರ್ ಅವಳಿಗೆ ಹೇಳಿದ್ದಾರೆ. ಯಾವುದು ನಿಜ ಎಂದು ನನಗೆ ತಿಳಿಯುತ್ತಿಲ್ಲ."

ಅವನು ಪುಟದಿಂದ ಕಣ್ಣೆತ್ತಿ ನನ್ನನ್ನು ನೋಡಿದ.

"ನನ್ನ ಮುಖ ನೋಡುತ್ತಿದ್ದವನು ನೀನೊಬ್ಬನೇ. ಉಳಿದವರಿಗೆ ನನ್ನ ಮೇಲೆ ಕನಿಕರ, ಅವರ ಮಾತು ನಂಬಲಾರೆ. ನಿನಗೆ ನನ್ನನ್ನು ಕಂಡರೆ ಆಗುವುದಿಲ್ಲ, ಗೊತ್ತು ನನಗೆ. ನನ್ನ ಸಮಾಧಾನಕ್ಕೆಂದು ನೀನು ಸುಳ್ಳು ಹೇಳುವುದಿಲ್ಲ. ಅದಕ್ಕೇ ನಿನ್ನನ್ನು ಕರೆದೆ. ಹೇಳು, ಮರೆತಿದ್ದೆನೆ?"

ಹೊರಗೆ ಯಾರೋ ಹುಲ್ಲು ಕತ್ತರಿಸುತ್ತಿದ್ದರು. ಮರೆತಿರಲಿಲ್ಲ ಎಂದರೆ, ಹಾಗಾದರೆ ಯಾಕೆ ಊದಿದೆ ಎಂದು ಕೇಳುತ್ತಾನೆ. ಅದಕ್ಕೆ ಉತ್ತರ ಕೊಡುವ ಧೈರ್ಯ ನನ್ನಲ್ಲಿರಲಿಲ್ಲ.

"ಹೌದು," ಎಂದೆ. "ಮರೆತಿದ್ದಿರಿ."

ಅವನು ತಲೆಯಾಡಿಸಿದ. ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಅಂಚು ಸರಿಮಾಡಿ, ರಬ್ಬರ್ ಬ್ಯಾಂಡ್ ಹಾಕಿದ. ನನ್ನ ಎದುರಿಗೇ ಮಗಳಿಗೆ ಫೋನ್ ಮಾಡಿ, ತಾನು ತಯಾರಾಗಿದ್ದೇನೆ, ಯಾವಾಗ ಬೇಕಾದರೂ ಬಂದು ಕರೆದುಕೊಂಡು ಹೋಗು ಎಂದ. ಅವಳು ಅತ್ತದ್ದು ಆಚೆಯಿಂದ ನನಗೂ ಕೇಳಿಸಿತು. ಆಮೇಲೆ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ನನ್ನ ಜೊತೆ ಬಂದ. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ನಿಜ ಹೇಳಲು ಒಬ್ಬನಾದರೂ ಇದ್ದೆಯಲ್ಲ, ಥ್ಯಾಂಕ್ಸ್ ಎಂದ.

ಪರವಾಗಿಲ್ಲ ಎಂದೆ.